ತಿಂಗಳ ಖರ್ಚು ಇಳಿಸಲು ಎಲ್ಲಿಂದ ಶುರು ಮಾಡಬೇಕು? ಮೊದಲು ಬಡ್ಡಿ, ಆಮೇಲೆ ಜೋಳ, ಆಮೇಲೆ ಮೀಟರ್

"ಅಕ್ಕಾರ, ಪಗಾರ ಬರ್ತೈತಿ, ಇಪ್ಪತ್ತನೇ ತಾರೀಖಿಗೆ ಕೈ ಖಾಲಿ ಆಕ್ಕೈತಿ. ಎಲ್ಲಿಂದ ಹಿಡಿತ ಮಾಡ್ಬೇಕ್ರಿ?" ಗಂಗಾವತಿಯವರೂ ಇದನ್ನೇ ಕೇಳುತ್ತಾರೆ, ಸಿಂಧನೂರಿನವರೂ ಇದನ್ನೇ ಕೇಳುತ್ತಾರೆ, ಸಿರುಗುಪ್ಪದವರೂ ಇದನ್ನೇ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಕೇಳುವವರಲ್ಲಿ ಹೆಚ್ಚಿನವರು ಹಾಲು, ಚಹಾ, ತರಕಾರಿಯಲ್ಲಿ ಕಡಿಮೆ ಮಾಡಲು ಹೊರಟಿರುತ್ತಾರೆ. ಅಲ್ಲಿ ಉಳಿಯುವುದು ಚಿಲ್ಲರೆ, ಮನೆಮಂದಿಯ ಮುಖ ಬಾಡುವುದು ಮಾತ್ರ ಜಾಸ್ತಿ. ನಾನು ಕಂಡ ಹಾಗೆ ನಮ್ಮ ಕಡೆಯ ಮನೆಗಳಲ್ಲಿ ದೊಡ್ಡ ದುಡ್ಡು ಹೋಗುವುದು ಮೂರು ದಾರಿಯಲ್ಲಿ: ಬಡ್ಡಿ, ಹೊತ್ತಲ್ಲದ ಹೊತ್ತಿನ ಖರೀದಿ, ಬೇಸಿಗೆಯ ಕರೆಂಟು. ಕೆಳಗಿನ ಹಂತಗಳೂ ಅದೇ ಕ್ರಮದಲ್ಲಿವೆ. ದಯವಿಟ್ಟು ಐದನೆಯದರಿಂದ ಶುರು ಮಾಡಬೇಡಿ.

ಬೇಕಾಗುವ ಸಾಮಾನು: ನೂರು ಪುಟದ ಒಂದು ನೋಟ್‌ಬುಕ್, ಸಿಕ್ಕಷ್ಟು ಹಳೆಯ ಕರೆಂಟ್ ಬಿಲ್ಲುಗಳು, ಮನೆಯಲ್ಲಿರುವ ಎಲ್ಲ ಸಾಲದ ಕಾಗದ, 50 ಕಿಲೋವರೆಗೆ ತೂಗುವ ಕೊಕ್ಕೆ ತಕ್ಕಡಿ, ಮುಚ್ಚಳ ಬಿಗಿಯಾಗಿ ಕೂರುವ ತಗಡಿನ ಡಬ್ಬಿಗಳು. ತಕ್ಕಡಿ ಯಾಕೆ ಅನ್ನುವುದು ಮುಂದೆ ಎರಡು ಕಡೆ ಬರುತ್ತದೆ.

1. ಒಂದು ತಿಂಗಳು ಬರೆಯಿರಿ, ಏನನ್ನೂ ಕಡಿಮೆ ಮಾಡಬೇಡಿ

ಮೊದಲ ತಿಂಗಳು ಬರೀ ಬರೆಯುವ ಕೆಲಸ. ತಾರೀಖು, ಯಾವುದಕ್ಕೆ, ಎಷ್ಟು, ಯಾರು ಕೊಟ್ಟರು ಎಂದು ನಾಲ್ಕು ಕಾಲಂ ಸಾಕು. ಯಾರು ಕೊಟ್ಟರು ಅನ್ನುವುದು ಜಗಳಕ್ಕಲ್ಲ. ಒಂದೇ ದಿನ ಗಂಡ ಒಂದು ಕಿಲೋ ಸಕ್ಕರೆ, ಹೆಂಡತಿ ಒಂದು ಕಿಲೋ ಸಕ್ಕರೆ ತರುವುದು ಎಷ್ಟು ಸಲ ಆಗುತ್ತದೆ ಅಂತ ತಿಳಿಯುವುದಕ್ಕೆ.

ಎಲ್ಲರೂ ಎಡವುವ ಜಾಗ ಫೋನಿನಲ್ಲಿ ಕೊಟ್ಟ ದುಡ್ಡು. ನೋಟು ಕೊಟ್ಟರೆ ನೆನಪಿರುತ್ತದೆ, ಸ್ಕ್ಯಾನ್ ಮಾಡಿದ 30 ರೂಪಾಯಿ ನೆನಪಿರುವುದಿಲ್ಲ. ರಾತ್ರಿ ಮಲಗುವ ಮುಂಚೆ ಯುಪಿಐ ಆ್ಯಪಿನ ಹಿಸ್ಟರಿ ತೆಗೆದು ಆ ದಿನದ್ದನ್ನು ನೋಟ್‌ಬುಕ್ಕಿಗೆ ಇಳಿಸಿ. ಸಂಜೆಯ ಒಗ್ಗರಣಿ-ಮಿರ್ಚಿಯನ್ನೇ ತೆಗೆದುಕೊಳ್ಳಿ. ಮನೆಮಂದಿಗೆಲ್ಲ ಸೇರಿ ಒಂದು ಸಲಕ್ಕೆ 80 ರೂಪಾಯಿ ಅಂದುಕೊಂಡರೆ, ವಾರಕ್ಕೆ ಮೂರು ಸಲ ಅಂದರೂ ತಿಂಗಳಿಗೆ ಸಾವಿರದ ಹತ್ತಿರ. ಬಿಡಿ ಅಂತ ಹೇಳುತ್ತಿಲ್ಲ. ನಾನೂ ಬಿಟ್ಟಿಲ್ಲ. ಸಾವಿರ ಅಂತ ಗೊತ್ತಿದ್ದು ತಿನ್ನಿ, ಅಷ್ಟೇ.

ತಿಂಗಳು ಮುಗಿದ ಮೇಲೆ ಒಂದೊಂದು ಸಾಲಿನ ಮುಂದೆ ಗುರುತು ಹಾಕಿ: ಬೇಕೇ ಬೇಕಿತ್ತು, ತಡೆಯಬಹುದಿತ್ತು, ಬೇಡಿತ್ತು. ಈ ಲೆಕ್ಕ ಕೈಗೆ ಬಂದ ಮೇಲೆ ಎರಡನೇ ಹಂತ.

2. ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತನ್ನಿ

ನಮ್ಮಲ್ಲಿ ಕೈಸಾಲದ ಬಡ್ಡಿಯನ್ನು "ನೂರಕ್ಕೆ ಎರಡು", "ನೂರಕ್ಕೆ ಮೂರು" ಅಂತ ಹೇಳುತ್ತಾರೆ. ಕೇಳಲು ಸಣ್ಣದು. ಅದು ತಿಂಗಳ ಲೆಕ್ಕ. ನೂರಕ್ಕೆ ಮೂರು ಅಂದರೆ ವರ್ಷಕ್ಕೆ ಶೇ 36. 50,000 ರೂಪಾಯಿ ಸಾಲಕ್ಕೆ ತಿಂಗಳಿಗೆ 1,500, ವರ್ಷಕ್ಕೆ 18,000 ರೂಪಾಯಿ ಬರೀ ಬಡ್ಡಿ. ಅಸಲು ಹಾಗೇ ಕೂತಿರುತ್ತದೆ.

ಅದೇ 50,000 ರೂಪಾಯಿಯನ್ನು ಬ್ಯಾಂಕಿನಲ್ಲಿ ಬಂಗಾರ ಇಟ್ಟು ಶೇ 12ರಂತೆ ತಂದು ಕೈಸಾಲ ತೀರಿಸಿದರೆ ವರ್ಷದ ಬಡ್ಡಿ 6,000 ರೂಪಾಯಿ. ಒಂದೇ ಕೆಲಸದಲ್ಲಿ 12,000 ಉಳಿಯಿತು. ಇಷ್ಟನ್ನು ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡಿ ಉಳಿಸಲು ಎಷ್ಟು ವರ್ಷ ಬೇಕು ನೀವೇ ಲೆಕ್ಕ ಹಾಕಿ. ಪೆಟ್ಟಿಗೆಯಲ್ಲಿ ಬಂಗಾರ ಇಟ್ಟುಕೊಂಡು ಹೊರಗೆ ನೂರಕ್ಕೆ ಮೂರು ಬಡ್ಡಿ ಕಟ್ಟುವ ಮನೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಬಂಗಾರ ಅಡವಿಟ್ಟರೆ ನಾಲ್ಕು ಜನ ಏನಂದಾರು ಅನ್ನುವ ಅಂಜಿಕೆಗೆ ವರ್ಷಕ್ಕೆ 12,000 ಕೊಟ್ಟ ಹಾಗೆ.

ಸಾಲ ತರುವಾಗ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: "ಬಡ್ಡಿ ಫ್ಲ್ಯಾಟಾ, ರೆಡ್ಯೂಸಿಂಗಾ?" ಫ್ಲ್ಯಾಟ್ ಅಂದರೆ ನೀವು ಕಂತು ಕಟ್ಟಿ ಅಸಲು ಇಳಿಸುತ್ತ ಹೋದರೂ ಮೊದಲ ದಿನದ ಪೂರ್ತಿ ಮೊತ್ತಕ್ಕೇ ಬಡ್ಡಿ ಹಾಕುವುದು. ರೆಡ್ಯೂಸಿಂಗ್ ಅಂದರೆ ಉಳಿದ ಅಸಲಿಗೆ ಮಾತ್ರ ಬಡ್ಡಿ. ಒಂದು ವರ್ಷಕ್ಕೆ ತಂದ 12,000 ರೂಪಾಯಿಗೆ ಶೇ 12 ಫ್ಲ್ಯಾಟ್ ಅಂದರೆ ಬಡ್ಡಿ 1,440, ತಿಂಗಳ ಕಂತು 1,120. ಇದರ ನಿಜವಾದ ದರ ವರ್ಷಕ್ಕೆ ಶೇ 21ರ ಮೇಲೆ ಬೀಳುತ್ತದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಸಾಲಗಾರರಿಗೆ ಮುಖ್ಯಾಂಶಗಳ ಪತ್ರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಎಲ್ಲ ಶುಲ್ಕ ಸೇರಿ ವರ್ಷದ ದರ ಎಷ್ಟು ಅಂತ ಅದರಲ್ಲಿ ಬರೆದಿರುತ್ತದೆ. ಕೇಳಿ ಪಡೆಯಿರಿ, ಓದಿದ ಮೇಲೆ ಸಹಿ.

ಎಚ್ಚರಿಕೆ: ವಾರವಾರ ಕಂತು ಕಟ್ಟಿಸಿಕೊಳ್ಳುವ ಒಂದು ಸಾಲದ ಸಂಘದ ಕಂತು ತೀರಿಸಲು ಇನ್ನೊಂದು ಸಂಘದಿಂದ ಸಾಲ ತೆಗೆಯಬೇಡಿ. ಆ ಸ್ಥಿತಿ ಬಂದಿದ್ದರೆ ಮೊದಲ ಸಂಘದವರ ಹತ್ತಿರವೇ ಹೋಗಿ ಕಂತಿನ ಅವಧಿ ಹೆಚ್ಚಿಸಿ ಕೊಡುತ್ತಾರಾ ಕೇಳಿ.

3. ಉದ್ರಿ ಖಾತೆ ಮುಚ್ಚಿ

ಕಿರಾಣಿ ಅಂಗಡಿಯ ಉದ್ರಿಗೆ ಬಡ್ಡಿ ಇಲ್ಲ ಅಂತ ನಾವು ಅಂದುಕೊಂಡಿರುತ್ತೇವೆ. ಉದ್ರಿ ಒಯ್ಯುವವರು ದರ ಕೇಳುವುದಿಲ್ಲ, ತೂಕ ನೋಡುವುದಿಲ್ಲ, ಬೇರೆ ಅಂಗಡಿಗೂ ಹೋಗುವುದಿಲ್ಲ. ಅದೇ ಬಡ್ಡಿ. ಒಂದೇ ಸಲ ಮುಚ್ಚಲು ಆಗದಿದ್ದರೆ ಹಳೆಯ ಬಾಕಿಯನ್ನು ನಾಲ್ಕು ತಿಂಗಳಿಗೆ ಹಂಚಿಕೊಳ್ಳಿ, ಹೊಸದನ್ನು ಇಂದಿನಿಂದಲೇ ರೊಕ್ಕ ಕೊಟ್ಟು ತನ್ನಿ. ಅಂಗಡಿಯವರಿಗೆ ಮುಂಚೆಯೇ ಹೇಳಿಬಿಡಿ, ಬೇಜಾರು ಮಾಡಿಕೊಳ್ಳುವುದಿಲ್ಲ. ಹಳೇ ಬಾಕಿ ಬರುತ್ತದೆ ಅಂದರೆ ಅವರಿಗೂ ಖುಷಿಯೇ.

ಕೊಳ್ಳುವಾಗ ಪ್ಯಾಕೆಟ್ಟಿನ ಬೆಲೆ ನೋಡಬೇಡಿ, ಕಿಲೋದ ಬೆಲೆ ನೋಡಿ. ಅಕ್ಕಿ ಚೀಲದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಅದಾದ ಮೇಲೆ ಅಂಗಡಿಗಳಲ್ಲಿ 26 ಕಿಲೋ ಚೀಲಗಳು ಕಾಣಿಸತೊಡಗಿದವು. ಪಕ್ಕಪಕ್ಕದಲ್ಲಿ 25 ಮತ್ತು 26ರ ಚೀಲ ಇದ್ದಾಗ ಬರೀ ಚೀಲದ ರೇಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಭಾಗಿಸಿ ನೋಡಿ.

4. ವರ್ಷದ ಕಾಳುಕಡಿ ಸುಗ್ಗಿಯಲ್ಲಿ ತನ್ನಿ

ಬೆಳೆಯುವ ನಾಡಿನಲ್ಲಿ ಕೂತು ಪ್ಯಾಕೆಟ್ ಹಿಟ್ಟು ಕೊಳ್ಳುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಈ ಹಂತಕ್ಕೆ ಸ್ವಲ್ಪ ತಾಳ್ಮೆ ಬೇಕು, ಶುರುವಿಗೆ ಒಂದಿಷ್ಟು ದುಡ್ಡೂ ಬೇಕು. ಎರಡನೇ ಹಂತದಲ್ಲಿ ಉಳಿದದ್ದು ಇಲ್ಲಿ ಬಳಕೆಗೆ ಬರುತ್ತದೆ.

ಮೊದಲು ನಿಮ್ಮ ಮನೆಗೆ ಎಷ್ಟು ಬೇಕು ಅಂತ ಅಳೆಯಿರಿ. ನಮ್ಮ ಮನೆಯ ಕೈಯಳತೆಯಲ್ಲಿ ಒಂದು ಕಿಲೋ ಜೋಳದ ಹಿಟ್ಟಿಗೆ 14-15 ರೊಟ್ಟಿ. ದಿನಕ್ಕೆ ಹತ್ತು ರೊಟ್ಟಿ ಆಗುವ ಮನೆಗೆ ತಿಂಗಳಿಗೆ 20 ಕಿಲೋ, ವರ್ಷಕ್ಕೆ ಎರಡೂವರೆ ಕ್ವಿಂಟಲ್ ಹತ್ತಿರ ಬೇಕಾಗುತ್ತದೆ. ಆದರೆ ಮೊದಲ ವರ್ಷ ಒಂದೇ ಕ್ವಿಂಟಲ್ ತನ್ನಿ. ಕಾಯ್ದಿಡುವುದು ಕೈಗೆ ಹತ್ತಿದ ಮೇಲೆ ಹೆಚ್ಚು ಮಾಡಿ.

ಯಾವಾಗ ಏನು:

ಜೋಳ: ಹಿಂಗಾರಿ ಬಿಳಿಜೋಳದ ರಾಶಿ ಫೆಬ್ರುವರಿ-ಮಾರ್ಚಿನಲ್ಲಿ. ರೊಟ್ಟಿಗೆ ಮಾಲ್ದಂಡಿ ತಳಿ ಒಳ್ಳೆಯದು. ಮುಂಗಾರಿ ಜೋಳ ಅಗ್ಗ ಅಂತ ಹೋಗುವವರು ಕಾಳು ಕಪ್ಪಾಗಿದೆಯಾ ನೋಡಿ. ತೆನೆ ಮೇಲೆ ಮಳೆ ಬಿದ್ದ ಜೋಳ ಬೂಸ್ಟು ಹಿಡಿದಿರುತ್ತದೆ.

ತೊಗರಿ: ಹೊಸ ಮಾಲು ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ.

ಒಣಮೆಣಸಿನಕಾಯಿ: ಜನವರಿಯಿಂದ ಮಾರ್ಚ್. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಎರಡನ್ನೂ ಬೆರೆಸಿ ಕುಟ್ಟಿಸುವುದು ನಮ್ಮ ಪದ್ಧತಿ.

ಹುಣಸೆಹಣ್ಣು: ಫೆಬ್ರುವರಿಯಿಂದ ಏಪ್ರಿಲ್.

ಅಕ್ಕಿ: ತುಂಗಭದ್ರಾ ಕಾಲುವೆ ಸೀಮೆಯ ಮುಂಗಾರು ಭತ್ತ ನವೆಂಬರ್-ಡಿಸೆಂಬರಿನಲ್ಲಿ ಕೊಯ್ಲಿಗೆ ಬರುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಆಗ ಹೊಸ ಸೋನಾ ಮಸೂರಿ ಅಗ್ಗ. ಹೊಸ ಅಕ್ಕಿ ಅನ್ನ ಮುದ್ದೆಯಾಗುತ್ತದೆ ಅಂತ ಬಿಡಬೇಡಿ, ಆರು ತಿಂಗಳು ಇಟ್ಟರೆ ಅದೇ ಹಳೆ ಅಕ್ಕಿ. ಹಳೆ ಅಕ್ಕಿಯ ಹೆಚ್ಚಿನ ರೇಟನ್ನು ಅಂಗಡಿಗೆ ಕೊಡುವ ಬದಲು ನಿಮ್ಮ ಮನೆಯ ಮೂಲೆಗೆ ದುಡಿಯಲು ಬಿಡಿ.

ದರ ತಿಳಿಯಲು ರಾಜ್ಯ ಸರ್ಕಾರದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲಿ ಎಪಿಎಂಸಿಗಳ ದಿನದ ಧಾರಣೆ ಇರುತ್ತದೆ. ಅದು ಸಗಟು ದರ. ರೈತರ ಹತ್ತಿರ ನೇರ ತಂದರೂ ಹಮಾಲಿ, ಗಾಡಿ ಬಾಡಿಗೆ, ಕಸಕಡ್ಡಿ ತೆಗೆದ ಮೇಲೆ ಉಳಿಯುವ ತೂಕ ಎಲ್ಲ ಸೇರಿಸಿ ಕಿಲೋಗೆ ಎಷ್ಟು ಬಿತ್ತು ನೋಡಿ. ನಾಲ್ಕು ಮನೆಯವರು ಕೂಡಿ ಒಂದು ಟಂಟಂ ಮಾಡಿಕೊಂಡರೆ ಬಾಡಿಗೆ ಹಂಚಿಹೋಗುತ್ತದೆ. ಕೊಕ್ಕೆ ತಕ್ಕಡಿ ಇಲ್ಲಿ ಮೊದಲ ಸಲ ಕೆಲಸಕ್ಕೆ ಬರುತ್ತದೆ. ಮೆಣಸಿನಕಾಯಿಗೆ ತೂಕ ಬರಲೆಂದು ನೀರು ಹೊಡೆದಿರುವುದುಂಟು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಿಗಿಲಿ ಅನ್ನಬೇಕು. ಒಂದೆರಡನ್ನು ಸೀಳಿ ನೋಡಿ, ಒಳಗೆ ಕಪ್ಪು ಬೂಸ್ಟು ಇದ್ದರೆ ಎಷ್ಟು ಅಗ್ಗವಾದರೂ ಬೇಡ.

ಇನ್ನು ಕಾಯ್ದಿಡುವುದು. ಎಲ್ಲರೂ ಸೋಲುವುದು ಇಲ್ಲೇ. ನಾನೂ ಮೊದಲ ವರ್ಷ ಬಿಸಿಲಿಗೆ ಹಾಕಿದ ಜೋಳವನ್ನು ಸಂಜೆ ಬಿಸಿಬಿಸಿಯಾಗಿಯೇ ಡಬ್ಬಿಗೆ ತುಂಬಿದ್ದೆ. ಒಳಗೆ ಬೆವರು ಕೂತು, ಎರಡು ತಿಂಗಳಿಗೆ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಹಾಗಾಗಬಾರದು ಅಂದರೆ:

ಜೋಳವನ್ನು ಮಾಳಿಗೆ ಮೇಲೆ ಬಟ್ಟೆ ಹಾಸಿ ಎರಡು ದಿನ ಗಟ್ಟಿ ಬಿಸಿಲಿಗೆ ಹರವಿ. ನಡುವೆ ಎರಡು-ಮೂರು ಸಲ ಕೈಯಾಡಿಸಿ. ಒಣಗಿದ್ದು ಹೇಗೆ ಗೊತ್ತಾಗುತ್ತದೆ? ಒಂದು ಕಾಳು ಹಲ್ಲಿಗೆ ಹಾಕಿ ಕಚ್ಚಿ. 'ಕಟ್' ಅಂತ ಒಡೆದರೆ ಆಯಿತು, ಹಲ್ಲಿಗೆ ಮೆತ್ತಿಕೊಂಡರೆ ಇನ್ನೊಂದು ದಿನ. ಆಮೇಲೆ ರಾತ್ರಿಯಿಡೀ ನೆರಳಲ್ಲಿ ಆರಲು ಬಿಡಿ. ಬೆಳಿಗ್ಗೆ ಕೈಗೆ ತಣ್ಣಗೆ ಹತ್ತಿದಾಗ ತುಂಬಿ. ಡಬ್ಬಿಯೂ ಬಿಸಿಲಿಗೆ ಒಣಗಿರಬೇಕು. ಬೇವಿನ ಎಲೆ ಹಾಕುವುದಾದರೆ ಗರಿಗರಿಯಾಗಿ ಒಣಗಿದ್ದೇ ಹಾಕಿ, ಹಸಿ ಎಲೆಯಲ್ಲಿ ನೀರಿನಂಶ ಇರುತ್ತದೆ. ಬಾಯಿತನಕ ತುಂಬಿ ಮುಚ್ಚಿ, ಅರ್ಧ ಖಾಲಿ ಡಬ್ಬಿಯಲ್ಲಿ ಹುಳುವಿಗೆ ಗಾಳಿ ಸಿಗುತ್ತದೆ. ನೆಲಕ್ಕೆ ತಾಗಿಸಬೇಡಿ, ಹಲಗೆಯ ಮೇಲೆ ಇಡಿ. ಒಂದು ದೊಡ್ಡ ಡಬ್ಬಿಗಿಂತ ನಾಲ್ಕು ಚಿಕ್ಕವು ಮೇಲು: ಒಂದರಲ್ಲಿ ನುಸಿ ಬಿದ್ದರೂ ಮೂರು ಉಳಿಯುತ್ತವೆ.

ಬೇಳೆಕಾಳಿಗೆ ಕಿಲೋಗೆ ಒಂದು ಚಮಚ ಔಡಲ ಎಣ್ಣೆ ಸವರಿ ಇಡಿ. ಬೇಯಿಸುವ ಮುಂಚೆ ಬಿಸಿ ನೀರಿನಲ್ಲಿ ತೊಳೆದರೆ ವಾಸನೆ ಹೋಗುತ್ತದೆ.

ದೊಡ್ಡ ಎಚ್ಚರಿಕೆ: ಗೋದಾಮಿನಲ್ಲಿ ಹಾಕುವ ಹುಳುವಿನ ಗುಳಿಗೆ (ಅಲ್ಯೂಮಿನಿಯಂ ಫಾಸ್ಫೈಡ್) ಮನೆಯೊಳಗೆ ಬೇಡವೇ ಬೇಡ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಪ್ರಾಣ ತೆಗೆಯುವ ವಿಷಾನಿಲ ಬರುತ್ತದೆ. ಮಲಗುವ ಕೋಣೆಯ ಪಕ್ಕದಲ್ಲಿ ಇಟ್ಟ ಚೀಲದಿಂದಲೂ ಅಪಾಯ. ಹುಳು ಬಿದ್ದರೆ ಜೋಳ ಹೋಯಿತು ಅಂದುಕೊಳ್ಳಿ.

ಜೋಳವನ್ನು ವರ್ಷಕ್ಕೆ ತಂದರೂ ಹಿಟ್ಟನ್ನು ವಾರ-ಹತ್ತು ದಿನಕ್ಕಾಗುವಷ್ಟೇ ಬೀಸಿಸಿ. ಹಳೆ ಹಿಟ್ಟಿನಲ್ಲಿ ಜಿಗಿ ಹೋಗಿ ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ, ಕಹಿಯೂ ಆಗುತ್ತದೆ. ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ನಿಮ್ಮದನ್ನು ಹಾಕಿಸುವಾಗ ಮೊದಲ ಒಂದು ಹಿಡಿ ಬೇರೆ ತೆಗೆಸಿ.

ತರಕಾರಿಗೆ ಬೇಸಿಗೆಯ ಬಿಸಿಲೇ ಫ್ರಿಜ್ಜು. ಚವಳಿಕಾಯಿ, ಬಾಳಕದ ಮೆಣಸಿನಕಾಯಿ, ಸಂಡಿಗೆ ನಮ್ಮ ಬಿಸಿಲಿಗೆ ಎರಡು-ಮೂರು ದಿನದಲ್ಲಿ ಒಣಗುತ್ತವೆ. ಗುರೆಳ್ಳು, ಅಗಸಿ, ಶೇಂಗಾ ಚಟ್ನಿಪುಡಿ, ಒಂದು ಬುಟ್ಟಿ ಕಟಕ ರೊಟ್ಟಿ ಮನೆಯಲ್ಲಿದ್ದರೆ ದಣಿದು ಬಂದ ರಾತ್ರಿ ಖಾನಾವಳಿಯಿಂದ ಪಾರ್ಸೆಲ್ ತರಿಸುವ ಪ್ರಸಂಗವೇ ಬರುವುದಿಲ್ಲ. ಶೇಂಗಾದಲ್ಲಿ ಮಾತ್ರ ಕಂಜೂಸಿ ಬೇಡ. ಬೂಸ್ಟು ಹಿಡಿದ, ಬಣ್ಣಗೆಟ್ಟ ಕಾಳನ್ನು ಆರಿಸಿ ಎಸೆಯಿರಿ, ಹುರಿದರೂ ಅದರ ವಿಷ ಪೂರ್ತಿ ಹೋಗುವುದಿಲ್ಲ.

5. ಮೀಟರ್ ಓದಲು ಕಲಿಯಿರಿ

ಶಕ್ತಿನಗರದ, ಕುಡತಿನಿಯ ಕರೆಂಟ್ ಸ್ಥಾವರಗಳ ಚಿಮಣಿ ನೋಡುತ್ತ ಓಡಾಡುವ ನಮಗೇ ಒಂದು ಯೂನಿಟ್ ಅಂದರೆ ಎಷ್ಟು ಅಂತ ಗೊತ್ತಿರುವುದಿಲ್ಲ. ಸಾವಿರ ವ್ಯಾಟಿನ ಸಾಮಾನು ಒಂದು ತಾಸು ನಡೆದರೆ ಒಂದು ಯೂನಿಟ್. ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಒಂದು ತಾಸಿಗೆ, 75 ವ್ಯಾಟಿನ ಹಳೆ ಫ್ಯಾನು ಹದಿಮೂರು ತಾಸು ದಾಟಿದಾಗ ಒಂದು ಯೂನಿಟ್ ತಿನ್ನುತ್ತದೆ.

ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅನ್ನುವುದು ತಪ್ಪು ತಿಳಿವಳಿಕೆ. 2022-23ರಲ್ಲಿ ನಿಮ್ಮ ಮೀಟರಿನ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿದ್ದು ನಿಮ್ಮ ಪಾಲು (ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್). ಸರಾಸರಿ 60 ಇದ್ದರೆ 66. ತಿಂಗಳಿಗೆ 90 ಬಳಸಿದರೆ ಹೆಚ್ಚಿನ 24 ಯೂನಿಟ್ಟಿಗೆ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಏಪ್ರಿಲ್-ಮೇನಲ್ಲಿ ಜೆಸ್ಕಾಂ ಬಿಲ್ ನೋಡಿ ಎದೆ ಹೊಡೆದುಕೊಳ್ಳುವವರು ಹೆಚ್ಚಾಗಿ 200ರ ಗಡಿಯನ್ನು ಸ್ವಲ್ಪದರಲ್ಲಿ ದಾಟಿದವರು. ಅದಕ್ಕೆ ಪ್ರತಿ ಭಾನುವಾರ ರೀಡಿಂಗ್ ಬರೆದುಕೊಳ್ಳಿ. ಮೂರನೇ ವಾರಕ್ಕೆ 160 ಬಂದಿದ್ದರೆ ಕೊನೆಯ ವಾರ ಜಾಗ್ರತೆ ಮಾಡಲು ಸಮಯ ಇರುತ್ತದೆ. ಬಾಡಿಗೆ ಮನೆ ಬದಲಿಸುವವರು ಹಳೆ ಆರ್‌ಆರ್ ನಂಬರಿನಿಂದ (ಬಿಲ್ಲಿನ ಮೇಲಿರುವ ಮೀಟರಿನ ಖಾತೆ ಸಂಖ್ಯೆ) ಆಧಾರ್ ಬಿಡಿಸಿ ಹೊಸದಕ್ಕೆ ಜೋಡಿಸುವುದನ್ನು ಮರೆಯಬೇಡಿ.

ಈಗ ಒಂದು ಪರೀಕ್ಷೆ. ಮೀಟರಿನ ಮೇಲೆ ಮಿಣುಕುವ ಒಂದು ಕೆಂಪು ದೀಪ ಇರುತ್ತದೆ, ಪಕ್ಕದಲ್ಲಿ ಯೂನಿಟ್ಟಿಗೆ 3200 ಇಂಪಲ್ಸ್ ಅಂತಲೋ ಬೇರೆ ಸಂಖ್ಯೆಯೋ ಬರೆದಿರುತ್ತದೆ. ಅಂದರೆ ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್. ಮನೆಯ ಎಲ್ಲ ಸ್ವಿಚ್ಚು ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ತೆಗೆಯಿರಿ. ಹತ್ತು ನಿಮಿಷ ನೋಡಿ. ಆಗಲೂ ದೀಪ ಮಿಣುಕುತ್ತಿದ್ದರೆ ಎಲ್ಲೋ ಮರೆತ ಸೆಟ್‌ಟಾಪ್ ಬಾಕ್ಸು ಇದೆ, ಇಲ್ಲ ವೈರಿಂಗಿನಲ್ಲಿ ಸೋರಿಕೆ ಇದೆ. ಸೋರಿಕೆ ಅನ್ನಿಸಿದರೆ ಎಲೆಕ್ಟ್ರಿಶಿಯನ್ ಕರೆಸಿ, ಅದು ಬಿಲ್ಲಿಗಿಂತ ಜೀವದ ಪ್ರಶ್ನೆ. ಆಮೇಲೆ ಒಂದೇ ಫ್ಯಾನು ಹಾಕಿ ಕಾಲು ತಾಸು ಎಣಿಸಿ. 3200ರ ಮೀಟರಿನಲ್ಲಿ 75 ವ್ಯಾಟಿನ ಫ್ಯಾನಿಗೆ 60 ಸಲ ಮಿಣುಕಬೇಕು. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ (ಒಳಗೆ ಶಾಶ್ವತ ಅಯಸ್ಕಾಂತ ಇರುವ ಮೋಟರಿನದು) 24 ಸಲ. ಮಕ್ಕಳಿಗೆ ಎಣಿಸಲು ಹೇಳಿ, ಅವರೇ ಸ್ವಿಚ್ ಆರಿಸಲು ಕಲಿಯುತ್ತಾರೆ.

ಮೂರು ಹಳೆ ಫ್ಯಾನು ದಿನಕ್ಕೆ ಹನ್ನೆರಡು ತಾಸು ನಡೆದರೆ ತಿಂಗಳಿಗೆ 81 ಯೂನಿಟ್. ಬಿಎಲ್‌ಡಿಸಿ ಆದರೆ 32-33. ಮೂರನ್ನೂ ಒಮ್ಮೆಗೇ ಬದಲಿಸಬೇಡಿ, ರಾತ್ರಿಯಿಡೀ ತಿರುಗುವ ಮಲಗುವ ಕೋಣೆಯದನ್ನು ಮೊದಲು ಬದಲಿಸಿ. ಈ ಫ್ಯಾನುಗಳಿಗೆ ಗೋಡೆಯ ಹಳೆ ರೆಗ್ಯುಲೇಟರ್ ಹೊಂದುವುದಿಲ್ಲ, ಅದನ್ನು ತೆಗೆಸಿ ನೇರ ಸ್ವಿಚ್ಚಿಗೆ ಕೊಡಿಸಬೇಕು.

ಕೂಲರ್ ವಿಷಯ. ಬಳ್ಳಾರಿ-ರಾಯಚೂರಿನ ಒಣ ಬಿಸಿಲಿಗೆ ಏಸಿಗಿಂತ ಕೂಲರೇ ಕಿಸೆಗೆ ಹಗುರ. ಬಹಳ ಜನ ಕಿಟಕಿ ಬಾಗಿಲು ಮುಚ್ಚಿ ಕೂಲರ್ ಹಾಕುತ್ತಾರೆ, ಅರ್ಧ ತಾಸಿಗೆ ಕೋಣೆ ಅಂಟಂಟು. ಕೂಲರ್ ಕೆಲಸ ಮಾಡುವುದೇ ಒಣ ಗಾಳಿಯನ್ನು ಒದ್ದೆ ಪ್ಯಾಡಿನಿಂದ ಎಳೆದು, ನೀರು ಆರುವಾಗ ಹೀರುವ ಬಿಸಿಯಿಂದ ತಂಪು ಮಾಡಿ. ಹೊರಗಿನ ಗಾಳಿ ಒಳಗೆ ಬರಬೇಕು, ಒಳಗಿನದು ಎದುರು ಕಿಟಕಿಯಿಂದ ಹೊರಗೆ ಹೋಗಬೇಕು. ಕೂಲರನ್ನು ಕಿಟಕಿಗೆ ಹಚ್ಚಿ ಇಡಿ. ಮಳೆ ಶುರುವಾದ ಮೇಲೆ ಅದರ ನೀರು ನಿಲ್ಲಿಸಿ ಬರೀ ಫ್ಯಾನು ಹಾಕಿ.

ಆರ್‌ಸಿಸಿ ಮನೆಯಾದರೆ ಮಾರ್ಚ್ ಬರುವಷ್ಟರಲ್ಲಿ ಮಾಳಿಗೆ ತೊಳೆದು, ಅಂಟು ಬೆರೆಸಿದ ಬಿಳಿ ಸುಣ್ಣ ಎರಡು ಕೋಟು ಬಳಿಯಿರಿ. ಮಧ್ಯಾಹ್ನ ಬರಿಗಾಲಲ್ಲಿ ಸುಣ್ಣ ಬಳಿದ ಜಾಗಕ್ಕೂ ಬಳಿಯದ ಜಾಗಕ್ಕೂ ಹೆಜ್ಜೆ ಇಟ್ಟು ನೋಡಿದರೆ ನಾನು ಹೇಳುವುದೇ ಬೇಕಿಲ್ಲ. ಗೀಸರನ್ನು ಆ ಮೂರು ತಿಂಗಳು ಪ್ಲಗ್ಗಿನಿಂದಲೇ ತೆಗೆದುಬಿಡಿ, ಟ್ಯಾಂಕಿನ ನೀರು ಬೆಳಿಗ್ಗೆಗೂ ಬೆಚ್ಚಗಿರುತ್ತದೆ.

6. ಗ್ಯಾಸು

ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರಬೇಕು. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ. ಎರಡನ್ನೂ ಕೂಡಿಸಿ, ತಂದುಕೊಟ್ಟವರ ಮುಂದೆಯೇ ತೂಗಿಸಿ. ಅವರ ಹತ್ತಿರ ತಕ್ಕಡಿ ಇಲ್ಲದಿದ್ದರೆ ನಿಮ್ಮದು ಇದೆಯಲ್ಲ. ಹಾಗೆಯೇ ಹಿಡಿಕೆಯ ಪಟ್ಟಿಯ ಮೇಲೆ 'ಬಿ-27' ಥರದ ಗುರುತು ನೋಡಿ: ಎ, ಬಿ, ಸಿ, ಡಿ ಅಂದರೆ ವರ್ಷದ ನಾಲ್ಕು ಕಾಲುಭಾಗ. ಬಿ-27 ಅಂದರೆ 2027ರ ಜೂನ್ ಒಳಗೆ ಮರುಪರೀಕ್ಷೆ ಆಗಬೇಕು ಅಂತ. ಅವಧಿ ದಾಟಿದ್ದರೆ ವಾಪಸ್ ಕಳಿಸಿ.

ಸಿಲಿಂಡರ್ ಹಚ್ಚಿದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಬೇಳೆ, ಅಕ್ಕಿ ನೆನೆಹಾಕಿ. ಕುಕ್ಕರಿನಲ್ಲಿ ಬೇಳೆ ಕೆಳಗೆ, ಅನ್ನ ಮೇಲೆ ಒಂದೇ ಸಲ. ಉರಿ ಹಳದಿಯಾಗಿದ್ದರೆ ಬರ್ನರ್ ತೊಳೆಯಿರಿ. ರೊಟ್ಟಿಯ ಹಂಚು ಒಮ್ಮೆ ಕಾದ ಮೇಲೆ ಎಲ್ಲ ರೊಟ್ಟಿ ಒಂದೇ ಸರತಿಯಲ್ಲಿ ಮುಗಿಸಿ, ಆ ಬಿಸಿ ಹಂಚಿನ ಮೇಲೆಯೇ ಶೇಂಗಾ ಹುರಿದುಕೊಳ್ಳಿ. ರಬ್ಬರ್ ಪೈಪು ಐದು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಅಲ್ಲಿ ಉಳಿತಾಯ ಬೇಡ.

7. ನೀರು: ಇಲ್ಲಿ ತಪ್ಪು ಉಳಿತಾಯ ಮಾಡಬೇಡಿ

ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಹಳದಿಗಟ್ಟುವುದು, ಮೊಣಕಾಲು ಎಲುಬು ಹಿಡಿದುಕೊಳ್ಳುವುದು ಅದರಿಂದಲೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಕುಡಿಯಲು, ಅಡುಗೆಗೆ ಊರಿನ ಶುದ್ಧ ನೀರಿನ ಘಟಕದ್ದೇ ತನ್ನಿ, ಮನೆಗೆ ತಂದುಕೊಡುವ ಕ್ಯಾನಿಗಿಂತ ಅಗ್ಗ. ತಂಪಿಗೆ ಮಣ್ಣಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ಕಡೆ ಇಡಿ. ಮನೆಯಲ್ಲೇ ಆರ್‌ಓ ಯಂತ್ರ ಇದ್ದರೆ ಅದರಿಂದ ಹೊರಹೋಗುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಪಾಯಖಾನೆಗೆ ಬಳಸಿ. ಗಿಡಕ್ಕೆ ದಿನಾ ಹಾಕಿದರೆ ಉಪ್ಪು ಕೂರುತ್ತದೆ.

8. ಬಸ್ಸು, ಔಷಧ, ಬಟ್ಟೆ

ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸು ಉಚಿತ. ಗುರುತಿನ ಚೀಟಿ ಇರಲಿ. ರಾಯಚೂರಿನಿಂದ ಮಂತ್ರಾಲಯಕ್ಕೆ, ಬಳ್ಳಾರಿಯಿಂದ ಆದೋನಿಗೆ ಹೊರಟವರು ಅಂತರರಾಜ್ಯ ಬಸ್ಸಿನಲ್ಲಿ ಟಿಕೆಟ್ ತೆಗೆಯಬೇಕಾಗುತ್ತದೆ. ರೊಕ್ಕ ಇಟ್ಟುಕೊಂಡೇ ಹತ್ತಿ.

ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ತಿಂಗಳು ತಿಂಗಳು ತರುವವರು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಡಾಕ್ಟರ ಹತ್ತಿರ ಔಷಧದ ಮೂಲ ಹೆಸರು ಬರೆಸಿಕೊಳ್ಳಿ, ಮಿಲಿಗ್ರಾಂ ಅದೇ ಇದೆಯಾ ನೋಡಿ. ದುಡ್ಡು ಉಳಿಸಲು ಗುಳಿಗೆಯನ್ನೇ ಅರ್ಧ ಮಾಡಬೇಡಿ.

ಹಳೆ ಸೀರೆ, ಪಂಚೆಯನ್ನು ಸ್ಟೀಲ್ ಪಾತ್ರೆಗೆ ಮಾರುವ ಮುಂಚೆ ಒಂದು ಕೌದಿಗೆ ಆಗುವಷ್ಟು ತೆಗೆದಿಡಿ. ಬಳ್ಳಾರಿಯವರಿಗೆ ಜೀನ್ಸ್ ಹೊಲಿಯುವವರ ಹತ್ತಿರ ಚಿಂದಿ ಸಿಗುತ್ತದೆ, ಆದರೆ ಅದು ಕೈಸೂಜಿಗೆ ಬಗ್ಗುವುದಿಲ್ಲ. ಅದರಿಂದ ಕಾಲೊರೆಸುವ ಚಾಪೆ ಮಾಡಿ.

9. ಉಳಿದದ್ದು ಕೈಯಲ್ಲಿ ಇರಬಾರದು

ಪಗಾರ ಬಂದ ಮರುದಿನವೇ ಬೇರೆ ಖಾತೆಗೆ ಹೋಗಬೇಕು. ತಿಂಗಳ ಕೊನೆಗೆ ಉಳಿದರೆ ಇಡೋಣ ಅಂದವರ ಮನೆಯಲ್ಲಿ ಏನೂ ಉಳಿದದ್ದನ್ನು ನಾನು ಕಂಡಿಲ್ಲ. ಅಂಚೆ ಕಚೇರಿಯ ಆರ್‌ಡಿ (ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟುವ ಖಾತೆ) ನೂರು ರೂಪಾಯಿಯಿಂದ ಶುರು ಮಾಡಬಹುದು, ಅವಧಿ ಐದು ವರ್ಷ. ಹನ್ನೆರಡು ಕಂತು ಕಟ್ಟಿದ ಮೇಲೆ ಕಟ್ಟಿದ್ದರಲ್ಲಿ ಅರ್ಧದವರೆಗೆ ಸಾಲ ಸಿಗುತ್ತದೆ. ಮುಂದಿನ ಸಲ ನೂರಕ್ಕೆ ಮೂರರ ಬಾಗಿಲು ತಟ್ಟುವುದು ತಪ್ಪುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಮನೆಯವರು ಅದರಲ್ಲಿ 500 ಆದರೂ ಇದಕ್ಕೆ ಹಾಕಿ. ಹತ್ತು ವರ್ಷದೊಳಗಿನ ಹೆಣ್ಣುಮಗು ಇದ್ದರೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ, ವರ್ಷಕ್ಕೆ ಕನಿಷ್ಠ 250.

ಚೀಟಿ ಹಾಕುವವರು ಅದು 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗಿದೆಯೇ ಕೇಳಿ. ನೋಂದಣಿ ಸಂಖ್ಯೆ ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಹಾಕಬೇಡಿ, ಅವರು ಸೋದರಮಾವನೇ ಆದರೂ.

ಇದನ್ನು ಮಳೆಗಾಲದಲ್ಲಿ ಓದುತ್ತಿರುವವರು ನಾಲ್ಕನೇ ಹಂತವನ್ನು ಸದ್ಯ ಪಕ್ಕಕ್ಕಿಟ್ಟು ಒಂದು, ಎರಡು, ಮೂರು ಮುಗಿಸಿಕೊಳ್ಳಿ. ಈಗ ಸಿಗುವ ಜೋಳ ಹಳೆಯದು, ರೇಟೂ ಹೆಚ್ಚು, ತೇವದ ಗಾಳಿಗೆ ಒಣಗಿಸುವುದೂ ಕಷ್ಟ. ಡಬ್ಬಿಗಳನ್ನು ಮಾತ್ರ ಈಗಲೇ ನೋಡಿಟ್ಟುಕೊಳ್ಳಿ. ಮುಚ್ಚಳ ಬಿಗಿ ಇದೆಯಾ, ತಳಕ್ಕೆ ತುಕ್ಕು ಹಿಡಿದಿದೆಯಾ ಅಂತ ತಿಳಿಯಲು ಡಬ್ಬಿಯೊಳಗೆ ತಲೆ ಹಾಕಿ ಬೆಳಕಿನ ಕಡೆ ಹಿಡಿದರೆ ಸಾಕು, ಸಣ್ಣ ತೂತಿದ್ದರೂ ಚುಕ್ಕಿಯ ಹಾಗೆ ಹೊಳೆಯುತ್ತದೆ.